ಪಿನ್ನು ಹೊಡೆದ ಪಾಠಗಳು

ಗಂಗಾಮಣಿ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೆಸಗೋಡಿನ ಜೂನಿಯರ್ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳುವವರಿಗೆ ಅರ್ಧ ಮಾತ್ರ ಗೊತ್ತಿತ್ತು. ಮೂಗಿನ ತುದಿಯಲ್ಲಿ ಇದ್ದದ್ದು ದಿನಬಳಕೆಯ ಸಿಟ್ಟು. ಸೀಮೆಸುಣ್ಣ ಮುರಿದರೆ, ಹುಡುಗರು ಆಕಳಿಸಿದರೆ, ವನಗೂರು ಕಡೆಯ ಜೀಪು ಹತ್ತು ನಿಮಿಷ ತಡವಾದರೆ ಬರುವಂಥದ್ದು. ಬಂದ ಹಾಗೇ ಹೋಗಿಯೂ ಬಿಡುತ್ತಿತ್ತು. ಅಸಲಿ ಸಿಟ್ಟು ಒಳಗೆಲ್ಲೋ ಬೇರೆಯೇ ಇತ್ತು. ಅದು ಹೊರಗೆ ಬಂದದ್ದು ಎರಡು ಸಾವಿರದ ಮೂರನೇ ಇಸವಿಯ ಜೂನ್‌ನಲ್ಲಿ, ಒಂದು ಲಕೋಟೆಯ ದೆಸೆಯಿಂದ.

ಲಕೋಟೆ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವಳು ಸೌಜನ್ಯ. ವನಗೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು, ಕುಯ್ದ ಕಾಫಿ ಹಣ್ಣು ತೂಗಿಸಿಕೊಳ್ಳುವ ರೈಟರ್ ತಿಮ್ಮಯ್ಯನ ಮಗಳು. ಆ ವರ್ಷದ ಸೆಕೆಂಡ್ ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತೊಂದು ತೆಗೆದಿದ್ದಳು. ಇಲ್ಲಿಯ ಕಾಫಿ ಕೊಳ್ಳುವ ವಿದೇಶಿ ಕಂಪನಿಯವರ ಒಂದು ಟ್ರಸ್ಟು ಎಸ್ಟೇಟ್ ನೌಕರರ ಮಕ್ಕಳಲ್ಲಿ ಒಬ್ಬರನ್ನು ಆರಿಸಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಓದಿಸುತ್ತದೆ ಎಂದು ತಿಳಿದು ಅರ್ಜಿ ಹಾಕಿದ್ದಳು. ಟ್ರಸ್ಟಿನವರು ಒಪ್ಪಿದ್ದರು. ಅವಳಿಗೆ ಬೇಕಾಗಿದ್ದದ್ದು ಸಿವಿಲ್ ಇಂಜಿನಿಯರಿಂಗ್. ದೋಣಿಗಲ್ಲಿನ ಹೆದ್ದಾರಿ ತಿರುವುಗಳಲ್ಲಿ ವರ್ಷವರ್ಷವೂ ಗುಡ್ಡ ಜರಿದು ಲಾರಿಗಳು ಸಾಲುಗಟ್ಟುವುದನ್ನು ನೋಡಿ, ಜರಿಯದ ಹಾಗೆ ಗುಡ್ಡ ಕಡಿಯುವುದು ಹೇಗೆ ಎಂದು ಒಂಬತ್ತನೇ ಕ್ಲಾಸಿನಿಂದ ತಲೆಗೆ ಹುಳ ಬಿಟ್ಟುಕೊಂಡವಳು. ಇನ್ನು ವಿಶ್ವವಿದ್ಯಾಲಯ ಒಂದು ‘ಹೂಂ’ ಅನ್ನಬೇಕಿತ್ತು, ಅಷ್ಟೇ.

“ಅವ್ರು ಏನೋ ಕೇಳವ್ರೆ ಮೇಡಂ,” ಎಂದು ಕಾಗದ ಚಾಚಿದಳು.

ಮೇಡಂ ಕನ್ನಡಕ ಏರಿಸಿ ಓದಿದರು. ನಿಮ್ಮ ರಾಜ್ಯದ ಪಿಯುಸಿ ಅಂಕಗಳನ್ನು ಮಾತ್ರ ನೋಡಿ ಸೀಟು ಕೊಡಲು ಬರುವುದಿಲ್ಲ, ಈ ಕೋರ್ಸಿಗೆ ಅಡ್ವಾನ್ಸ್ಡ್ ಮ್ಯಾಥಮ್ಯಾಟಿಕ್ಸ್ ಓದಿರಬೇಕು, ಓದಿದ್ದಾಳೆಂದು ಪಾಠ ಮಾಡಿದವರೇ ಜೊತೆಗಿರುವ ಫಾರಂ ತುಂಬಿ, ಸಹಿ ಹಾಕಿ, ಕಾಲೇಜಿನ ಸೀಲಿನೊಂದಿಗೆ ಕಳಿಸಬೇಕು ಎಂದು ಬರೆದಿತ್ತು.

ಮೇಡಂಗೆ ಸಿಟ್ಟು ನೆತ್ತಿಗೇರಿತು.

“ಏನಂದ್ಕೊಂಡವ್ರೆ ಇವ್ರು? ತೊಂಬತ್ತೊಂದು ಸಾಲ್ದಂತಾ? ನಮ್ ಬೋರ್ಡಿನ ಮಾರ್ಕ್ಸ್ ಏನು ಕಡ್ಲೆಕಾಯಿ ಕಟ್ಟೋ ಪೇಪರ್ರಾ? ನಮ್ ಕಾಫಿ ಕುಡಿಯಕ್ಕೆ ಆಯ್ತದೆ, ನಮ್ ಹುಡ್ಗೀರ ಲೆಕ್ಕ ಮಾತ್ರ ನಂಬಕ್ಕಾಗಲ್ವಂತಾ!” ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ಪಾಠ ನಿಂತುಹೋಗುವಷ್ಟು ಜೋರಾಗಿ ಬೈದರು. ಬೈಯುತ್ತಲೇ ಪೆನ್ನು ತೆಗೆದು, ಈಗಲೇ ತುಂಬಿಕೊಡುತ್ತೇನೆ ಎಂದು ಫಾರಂ ಬಿಡಿಸಿದರು.

ಫಾರಂನಲ್ಲಿ ಹದಿನಾಲ್ಕು ಪಾಠಗಳ ಹೆಸರಿತ್ತು. ಪ್ರತಿಯೊಂದರ ಎದುರಿಗೆ ಮೂರು ಚೌಕ. ಪೂರ್ತಿ ಕಲಿಸಿದೆ, ಸ್ವಲ್ಪ ಕಲಿಸಿದೆ, ಕಲಿಸಿಲ್ಲ. ಮೊದಲ ಆರಕ್ಕೆ ಮೇಡಂ ಸರಸರನೆ ಟಿಕ್ ಹಾಕಿದರು. ಏಳನೆಯದರಲ್ಲಿ ಪೆನ್ನು ನಿಂತಿತು. ಎಂಟನೆಯದನ್ನು ನೋಡಿದರು, ಒಂಬತ್ತನೆಯದನ್ನು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, “ನಾಳೆ ಬಾರೆ,” ಎಂದರು. ದನಿ ಎಷ್ಟು ಇಳಿದಿತ್ತೆಂದರೆ ಸೌಜನ್ಯ ಹೆದರಿ ಏನೂ ಕೇಳದೆ ಹೋದಳು.

ಮೇಡಂ ಆಲೂರು ಸೀಮೆಯವರು. ಅಪ್ಪ ದೇವೀರಪ್ಪ ಪ್ರೈಮರಿ ಮೇಷ್ಟ್ರು. ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ, ಎಂಬತ್ತೊಂಬತ್ತರಲ್ಲಿ ಕೆಸಗೋಡಿಗೆ ಬಂದಾಗ ಇಪ್ಪತ್ತಾರು ವರ್ಷ. ಮೊದಲ ವರ್ಷ ಪುಸ್ತಕವನ್ನು ಮೊದಲ ಹಾಳೆಯಿಂದ ಹಿಡಿದು ಕೊನೆಯ ಹಾಳೆಯವರೆಗೆ ಕಲಿಸಿದರು. ಯಾವ ಲೆಕ್ಕವನ್ನೂ ಹಾರಿಸಲಿಲ್ಲ. ಡಿಸೆಂಬರ್ ಬಂತು, ಗಿಡದಲ್ಲಿ ಹಣ್ಣು ಕೆಂಪಾಯಿತು, ಕ್ಲಾಸಿನ ಹತ್ತೊಂಬತ್ತು ಮಕ್ಕಳಲ್ಲಿ ಐವರು ಉಳಿದರು. ಮಿಕ್ಕವರೆಲ್ಲ ಹಣ್ಣು ಕುಯ್ಲಿಗೆ. ಅಲ್ಲಿನ ರಿವಾಜೇ ಹಾಗೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಲೇಜು ಹೆಸರಿಗಷ್ಟೇ ತೆರೆದಿರುತ್ತಿತ್ತು, ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ‘ಹಾಜರ್’. ಮೇಡಂ ಆ ಐವರಿಗೇ ಹಟ ಹಿಡಿದು ಪಾಠ ಮಾಡಿದರು. ಫಲಿತಾಂಶ ಬಂದಾಗ ಹನ್ನೊಂದು ಜನ ಗಣಿತದಲ್ಲಿ ಫೇಲು.

ಹಾಸನದಲ್ಲಿ ನಡೆದ ಸಭೆಯಲ್ಲಿ ಮೇಲಧಿಕಾರಿಯೊಬ್ಬ ಮೇಡಂ ಅವರನ್ನು ಎದ್ದು ನಿಲ್ಲಿಸಿ, “ಸಂಬಳ ತಗೊಳ್ಳೋವಾಗ ಕೈ ನಡುಗಲ್ವೇನಮ್ಮಾ?” ಎಂದು ಕೇಳಿದ. ನಲವತ್ತು ಜನ ಲೆಕ್ಚರರ್‌ಗಳು ನಕ್ಕರು. ಮಕ್ಕಳೇ ಬರಲಿಲ್ಲ ಸಾರ್ ಎಂದು ಹೇಳಲು ಬಾಯಿ ತೆರೆದರೆ, ಹಾಜರಿ ಪುಸ್ತಕದಲ್ಲಿ ಎಲ್ಲರೂ ಬಂದಿದ್ದಾರಲ್ಲ ಎಂದು ಬಾಯಿ ಮುಚ್ಚಿಸಿದ. ಆ ದಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಸಕಲೇಶಪುರದವರೆಗೂ ಅತ್ತಿದ್ದ ಮೇಡಂ, ಇನ್ನೊಮ್ಮೆ ಹಾಗೆ ಎದ್ದು ನಿಲ್ಲುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡರು.

ಪ್ರಶ್ನೆಪತ್ರಿಕೆಯಲ್ಲಿ ಬರೆಯಬೇಕಾದದ್ದಕ್ಕಿಂತ ಹೆಚ್ಚು ಪ್ರಶ್ನೆಗಳಿರುತ್ತವೆ. ಹಾಗಾಗಿ ಕೆಲವು ಪಾಠಗಳನ್ನು ಓದದೇ ಬಿಟ್ಟರೂ ನಡೆಯುತ್ತದೆ. ಅದಕ್ಕೆ ಚಾಯ್ಸ್ ಬಿಡುವುದು ಎನ್ನುತ್ತಾರೆ. ಎಲ್ಲ ಕಡೆಯೂ ಒಂದೋ ಎರಡೋ ಪಾಠ ಬಿಡುವುದು ಇದ್ದದ್ದೇ. ಮೇಡಂ ಹತ್ತು ವರ್ಷದ ಹಳೆ ಪತ್ರಿಕೆಗಳನ್ನು ಮುಂದೆ ಹರಡಿಕೊಂಡು, ಒಂದು ರಜೆಯೆಲ್ಲ ಕೂತು ಲೆಕ್ಕ ಹಾಕಿ, ಯಾವುದು ಬಿಟ್ಟರೆ ನಷ್ಟವಿಲ್ಲ ಎಂದು ಕಂಡುಹಿಡಿದರು. ಐದು ಪಾಠಗಳು ಪೂರ್ತಿ, ಇನ್ನು ಮೂರರಲ್ಲಿ ಮುಕ್ಕಾಲು. ಇಂಟಿಗ್ರೇಶನ್‌ನಲ್ಲಿ ಹನ್ನೆರಡೇ ಹನ್ನೆರಡು ಲೆಕ್ಕ, ಅವು ಬಾಯಿಪಾಠ. ಉಳಿದದ್ದಕ್ಕೆ ಬೀಗ.

ಬೀಗ ಎಂದರೆ ನಿಜವಾಗಿಯೂ ಬೀಗವೇ. ಪ್ರತಿ ಜೂನ್‌ನಲ್ಲಿ ಮೊದಲ ವಾರವೇ ಮೇಡಂ ಸ್ಟೇಪ್ಲರ್ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದರು. ಒಬ್ಬೊಬ್ಬರ ಪುಸ್ತಕ ತೆಗೆಸಿ, ಬಿಡಬೇಕಾದ ಪಾಠದ ಹಾಳೆಗಳನ್ನು ಒಟ್ಟಿಗೆ ಹಿಡಿದು ಅಂಚಿಗೆ ಟಕ್, ಟಕ್, ಟಕ್ ಎಂದು ಮೂರು ಪಿನ್ನು ಹೊಡೆಯುತ್ತಿದ್ದರು. “ಇದನ್ನ ಬಿಚ್ದೋರ ಕೈ ಮುರೀತೀನಿ. ಇರೋದನ್ನ ಓದಿ, ಪಾಸಾಗಿ,” ಎನ್ನುತ್ತಿದ್ದರು. ಹಣ್ಣು ಕುಯ್ಲು ಶುರುವಾಗುವ ಹೊತ್ತಿಗೆ ಬೇಕಾದ ಪಾಠವೆಲ್ಲ ಮುಗಿದಿರುತ್ತಿತ್ತು. ಮಕ್ಕಳು ನಿಶ್ಚಿಂತೆಯಿಂದ ತೋಟಕ್ಕೆ ಹೋಗುತ್ತಿದ್ದರು. ಹಳೆ ಪುಸ್ತಕ ಅಣ್ಣನಿಂದ ತಂಗಿಗೆ, ಪಕ್ಕದ ಮನೆಯವನಿಗೆ ಹೋದಾಗ ತುಕ್ಕು ಹಿಡಿದ ಪಿನ್ನಿನ ಸಮೇತವೇ ಹೋಗುತ್ತಿತ್ತು.

ಪಿನ್ನು ಹೊಡೆದ ಮೊದಲ ವರ್ಷವೇ ಒಬ್ಬರೂ ಫೇಲಾಗಲಿಲ್ಲ. ಮುಂದಿನ ವರ್ಷವೂ ಇಲ್ಲ. ಅದೇ ಅಧಿಕಾರಿ ಅದೇ ಸಭೆಯಲ್ಲಿ ಮೇಡಂಗೆ ಶಾಲು ಹೊದಿಸಿ, ಗುಡ್ಡಗಾಡಿನ ಕಾಲೇಜಿನಲ್ಲಿ ಶೇಕಡಾ ನೂರು ಎಂದು ಚಪ್ಪಾಳೆ ಹೊಡೆಸಿದ. ಸರ್ಕಾರಕ್ಕೆ ತೋರಿಸಬೇಕಾದ ಪಾಠದ ಡೈರಿಯನ್ನು ಮೇಡಂ ಪ್ರತಿ ಫೆಬ್ರವರಿಯಲ್ಲಿ ಒಂದೇ ಸಲ ಕೂತು ಬರೆದು ಮುಗಿಸುತ್ತಿದ್ದರು. ಎಲ್ಲ ಪಾಠವನ್ನೂ ದಿನಾಂಕದ ಸಮೇತ ‘ಬೋಧಿಸಲಾಗಿದೆ’ ಎಂದು ಬರೆಯುವುದು, ಪ್ರಿನ್ಸಿಪಾಲರು ಸಹಿ ಹಾಕುವುದು. ಹದಿಮೂರು ವರ್ಷ ಹೀಗೇ ನಡೆಯಿತು. ಅದು ಸುಳ್ಳು ಎಂದು ಮೇಡಂಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮಕ್ಕಳನ್ನು ದಾಟಿಸುತ್ತಿದ್ದೇನೆ ಎಂದೇ ಅಂದುಕೊಂಡಿದ್ದರು.

ಆ ಸಂಜೆ ನಾಲ್ಕೂವರೆಗೆ ಮೇಡಂ ಜೀಪು ಹತ್ತಿದರು. ಮನೆ ಸಕಲೇಶಪುರದಲ್ಲಿ. ಜೀಪು ಓಡಿಸುತ್ತಿದ್ದವನು ಅವರ ಶಿಷ್ಯನೇ, ನವೀನ್‌ಕುಮಾರ್. ತೊಂಬತ್ತಾರರ ಬ್ಯಾಚು, ಗಣಿತಕ್ಕೆ ತೊಂಬತ್ತೈದು. ಇಂಜಿನಿಯರಿಂಗ್ ಸೀಟು ಸಿಕ್ಕಿ, ಕಾಲೇಜಿನ ಬೋರ್ಡಿನಲ್ಲಿ ಹೆಸರು ಬರೆಸಿಕೊಂಡವನು. ಎರಡು ವರ್ಷದ ಮೇಲೆ ಊರಿಗೆ ಬಂದು ಜೀಪು ಓಡಿಸತೊಡಗಿದ್ದ. ಮನಸ್ಸಿಟ್ಟು ಓದಲಿಲ್ಲ, ಪಟ್ಟಣದಲ್ಲಿ ಕೆಟ್ಟ ಎಂದು ಮೇಡಂ ಅವನ ಮೇಲೆ ಐದು ವರ್ಷದಿಂದ ಮುನಿಸಿಕೊಂಡೇ ಇದ್ದರು. ಆದರೆ ಅವತ್ತು ಮುಂದಿನ ಸೀಟಿನಲ್ಲಿ ಕೂತು, ಯಾವತ್ತೂ ಕೇಳದ್ದನ್ನು ಕೇಳಿದರು.

“ನವೀನ, ನೀನು ಕಾಲೇಜು ಬಿಟ್ಟಿದ್ದು ಯಾತಕ್ಕೋ?”

“ಅಯ್ಯೋ ಬುಡಿ ಮೇಡಂ, ಹಳೇ ಕತೆ.”

“ಹೇಳು ಅಂದ್ರೆ ಹೇಳು.”

ನವೀನ್‌ಕುಮಾರ್ ಗೇರು ಬದಲಿಸಿದ. “ಮೊದಲ್ನೇ ದಿನ ಮ್ಯಾಥ್ಸ್ ಕ್ಲಾಸ್ಗೆ ಹೋದೆ ಮೇಡಂ. ಅವ್ರು ಬಂದೋರೇ, ಇದೆಲ್ಲ ಪಿಯುಸಿನಲ್ಲಿ ಮಾಡಿರ್ತೀರ ಅಂತ ಅಂದ್ಬುಟ್ಟು ಬೋರ್ಡ್ ತುಂಬ ಬರದ್ರು. ಎಲ್ರೂ ಮಾಡಕ್ಕೆ ಶುರು ಹಚ್ಕೊಂಡ್ರು. ನಾನು ರೂಮಿಗೆ ಬಂದು ಪುಸ್ತಕ ತಗ್ದು ನೋಡಿದ್ರೆ, ನಮ್ ಪಿನ್ನು ಹೊಡ್ದಿದ್ ಪಾಠವೇ ಅದು. ನಾಕು ಸಲ ಕಟ್ದೆ, ನಾಕು ಸಲಾನೂ ಹೋಯ್ತು. ಊರಲ್ಲಿ ತೊಂಬತ್ತೈದು ತಗ್ದೋನು ಅಂತ ಹೆಸ್ರು, ಅಲ್ಲಿ ಏನೂ ಬರ್ದೋನು ಅಂತ ಹೆಸ್ರು. ಯಾರಿಗೆ ಅಂತ ಹೇಳ್ಳಿ?”

“ನನ್ ಹತ್ರ ಯಾಕೋ ಹೇಳ್ಲಿಲ್ಲ?”

“ನಿಮಗೆ ಬೇಜಾರಾಯ್ತದೆ ಅಂತ,” ಎಂದ ಅವನು.

ಅವನು ಬೈದಿದ್ದರೆ ಮೇಡಂ ತಿರುಗಿ ಬೈಯಬಹುದಿತ್ತು. ಇವನು ಐದು ವರ್ಷ ತನ್ನನ್ನು ದಿನಾ ಕಾಲೇಜಿಗೆ ಬಿಟ್ಟು, ಕರೆದುಕೊಂಡು ಬಂದು, ತನಗೆ ಬೇಜಾರಾಗದಿರಲಿ ಎಂದು ಬಾಯಿ ಬಿಟ್ಟಿಲ್ಲ. ಆ ಮರ್ಯಾದೆಯನ್ನೇ ಮೇಡಂಗೆ ಸಹಿಸಲಾಗಲಿಲ್ಲ. ಮನೆಗೆ ಹೋದವರು ಊಟವನ್ನೂ ಮಾಡದೆ ಫಾರಂ ತುಂಬಿದರು. ಆರು ಪಾಠ ಪೂರ್ತಿ, ಮೂರು ಸ್ವಲ್ಪ, ಐದು ಕಲಿಸಿಲ್ಲ. ಸಹಿ ಹಾಕುವಾಗ ಪೆನ್ನು ಕಾಗದ ಹರಿಯುವಷ್ಟು ಒತ್ತಿದರು.

ಮಾರನೆಯ ದಿನ ಸೀಲಿಗಾಗಿ ಪ್ರಿನ್ಸಿಪಾಲ್ ನಂಜುಂಡಯ್ಯನವರ ಮುಂದೆ ಫಾರಂ ಇಟ್ಟರು. ನಂಜುಂಡಯ್ಯನವರಿಗೆ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಆ ಹದಿನಾಲ್ಕು ತಿಂಗಳಲ್ಲಿ ಎಲ್ಲಿಯೂ ಏನೂ ಆಗಬಾರದು ಎನ್ನುವುದೊಂದೇ ಅವರ ಆಡಳಿತ. ಫಾರಂ ಓದಿ ಅವರ ಮುಖ ಬಿಳುಚಿಕೊಂಡಿತು.

“ಏನ್ ಮೇಡಂ ಇದು? ಎಲ್ಲದಕ್ಕೂ ಪೂರ್ತಿ ಅಂತ ಟಿಕ್ ಹಾಕಿ ಕಳ್ಸಿ ಮಾರಾಯ್ರೆ. ಅವ್ರೇನು ಇಂಗ್ಲೆಂಡಿಂದ ಬಂದು ನೋಡ್ತಾರಾ? ಡೈರಿ ಐತಲ್ಲ, ಬೇಕಾದ್ರೆ ಅದನ್ನೇ ಜೆರಾಕ್ಸ್ ಮಾಡ್ಸಿ ಹಾಕಿ.”

“ಡೈರಿ ಸುಳ್ಳು ಸಾರ್.”

“ಸುಳ್ಳು ಅಂತ ಯಾರಂದ್ರು? ನಿಮ್ ಕೈಬರಹ, ನನ್ ಸೈನು. ಈಗ ನೀವೇ ಕಲಿಸಿಲ್ಲ ಅಂತ ಸೀಲ್ ಹಾಕಿಸ್ಕೊಂಡ್ರೆ ನಾಳೆ ಇಬ್ರೂ ಮನೇಗೆ ಹೋಗ್ಬೇಕಾಯ್ತದೆ. ಆ ಹುಡ್ಗೀಗೂ ಸೀಟು ಹೋಯ್ತದೆ. ಯಾರಿಗ್ ಒಳ್ಳೇದು ಮಾಡ್ದಂಗಾಯ್ತು?”

ಆ ಕೊನೆಯ ಮಾತು ಮೇಡಂಗೆ ತಾಗಿತು. ರಾತ್ರಿಯೆಲ್ಲ ಅವರೂ ಅದನ್ನೇ ಕೇಳಿಕೊಂಡಿದ್ದರು. ಪೂರ್ತಿ ಎಂದು ಟಿಕ್ ಹಾಕಿದರೆ ಸೌಜನ್ಯ ವಿಮಾನ ಹತ್ತುತ್ತಾಳೆ. ಹತ್ತಿ ಹೋಗಿ ಅಲ್ಲಿ ಬೋರ್ಡಿನ ಮುಂದೆ ಕೂರುತ್ತಾಳೆ. ಅಲ್ಲಿಂದ ವಾಪಸ್ಸು ಬಂದರೆ ಅವಳಿಗೆ ಓಡಿಸಲು ಜೀಪೂ ಇಲ್ಲ. ಮೇಡಂ ಎದ್ದು ಬೀರುವಿನಿಂದ ಹೋದ ವರ್ಷದ ಡೈರಿ ತೆಗೆದು, ಜನವರಿಯ ಹಾಳೆ ಬಿಡಿಸಿ ಮೇಜಿನ ಮೇಲೆ ಹಾಕಿದರು.

“ಜನವರಿ ಎಂಟು, ಡಿಫರೆನ್ಷಿಯಲ್ ಇಕ್ವೇಷನ್ ಬೋಧಿಸಲಾಗಿದೆ. ಅವತ್ತು ನಾನೆಲ್ಲಿದ್ದೆ ಗೊತ್ತಾ ಸಾರ್? ಹೆಗ್ಗದ್ದೆಲಿ. ವೋಟರ್ ಲಿಸ್ಟ್ ತಿದ್ದೋ ಡ್ಯೂಟಿಗೆ ನೀವೇ ಕಳ್ಸಿದ್ರಿ. ಡ್ಯೂಟಿ ಸರ್ಟಿಫಿಕೇಟ್ಗೂ ನೀವೇ ಸೈನ್ ಹಾಕಿದ್ರಿ. ಒಂದೇ ದಿನ ಎರಡ್ ಕಡೆ ಇದ್ದೆ ನಾನು, ಎರಡಕ್ಕೂ ನಿಮ್ದೇ ಸೈನು. ಸೀಲ್ ಹಾಕ್ತೀರೋ, ಇವೆರಡನ್ನೂ ಹಾಸನಕ್ಕೆ ನಾನೇ ತಗೊಂಡು ಹೋಗ್ಲೋ?”

ನಂಜುಂಡಯ್ಯನವರು ಸೀಲು ಹಾಕಿದರು. ಹಾಕಿದವರು ಸುಮ್ಮನಿರಲಿಲ್ಲ. ಮೇಡಂ ಹೊರಗೆ ಹೋದ ಕೂಡಲೇ ತಮ್ಮ ಕೈ ತೊಳೆದುಕೊಳ್ಳುವುದಕ್ಕೆಂದು ಇಲಾಖೆಗೆ ಒಂದು ಪತ್ರ ಬರೆದರು. ಗಣಿತ ಉಪನ್ಯಾಸಕಿಯು ಪಾಠ ಪೂರೈಸಿಲ್ಲವೆಂದು ತಾವೇ ಒಪ್ಪಿಕೊಂಡಿರುತ್ತಾರೆ, ಸದರಿ ವಿಷಯ ನನ್ನ ಗಮನಕ್ಕೆ ಈಗಷ್ಟೇ ಬಂದಿರುತ್ತದೆ ಎಂದು.

ಫಾರಂ ಹೋಯಿತು. ಹೋದ ಮೂರನೇ ದಿನ, ಅದರಲ್ಲಿ ಏನು ಬರೆದಿದೆ ಎಂದು ತಿಳಿದು ತಿಮ್ಮಯ್ಯ ಬಂದ. ಸಾಧು ಮನುಷ್ಯ. ತೋಟದ ಆಳುಗಳ ಮೇಲೂ ದನಿ ಎತ್ತರಿಸದವನು. ಅವತ್ತು ಕಾಲೇಜಿನ ಅಂಗಳದಲ್ಲಿ ನಿಂತು, ಹುಡುಗರೆಲ್ಲ ಕಿಟಕಿಗೆ ಬರುವ ಹಾಗೆ ಕೂಗಿದ.

“ಏನ್ ಮೇಡಮ್ಮೋರೆ, ನನ್ ಮಗಳ ಅನ್ನಕ್ಕೆ ಮಣ್ ಹಾಕ್ಬುಟ್ರಲ್ಲ! ಒಂದು ಗೀಟು ಎಳ್ಯಕ್ಕೆ ನಿಮ್ ಕೈಗೇನಾಗಿತ್ತು? ಊರೋರ ಮಕ್ಳಿಗೆಲ್ಲ ಎಳೆದ್ರಿ, ನನ್ ಮಗಳಿಗೆ ಮಾತ್ರ ಸತ್ಯ ನೆಪ್ಪಾಯ್ತಾ?”

ಮೇಡಂ ವರಾಂಡದಿಂದ ಇಳಿದು ಬಂದರು. ಅವರ ತಲೆಯೂ ಕಾದಿತ್ತು. “ಕೂಗ್ಬೇಡ ತಿಮ್ಮಯ್ಯ. ಡಿಸೆಂಬರಲ್ಲಿ ಮಗಳನ್ನ ಹಣ್ಣು ಕುಯ್ಯಕ್ಕೆ ಕಳ್ಸಿದ್ದು ಯಾರು? ನೀವು ಮೂರು ತಿಂಗ್ಳು ಮಕ್ಕಳನ್ನ ತೋಟಕ್ಕೆ ಹೊಡ್ಕೊಂಡು ಹೋದ್ರೆ ನಾನು ಬೆಂಚಿಗೆ ಪಾಠ ಮಾಡ್ಲಾ?”

ತಿಮ್ಮಯ್ಯ ದನಿ ತಗ್ಗಿಸಿ ಹೇಳಿದ. “ಕಳಿಸ್ದೆ, ಇಲ್ಲ ಅನ್ನಲ್ಲ. ಪಾಠ ಎಲ್ಲ ಮುಗುದ್ವು, ಮೇಡಂ ಇನ್ ಏನೂ ಇಲ್ಲ ಅಂದ್ರು ಅಂತ ಅವ್ಳೇ ಬಂದು ಹೇಳಿದ್ಲು. ಐತೆ ಅಂತ ನೀವು ಒಂದ್ ಮಾತು ಹೇಳಿ ಕಳಿಸಿದ್ರೆ ನಾನ್ಯಾಕೆ ಕಳಿಸ್ತಿದ್ದೆ? ನಾನೇ ಹೊತ್ಕೊಂಡು ಬಂದು ಕೂರಿಸ್ತಿದ್ದೆ.”

ಹದಿಮೂರು ವರ್ಷದಿಂದ ಮೇಡಂ ಹೇಳಿಕೊಂಡು ಬಂದ ಸಮಾಧಾನ ಅದೊಂದೇ ಆಗಿತ್ತು. ಮಕ್ಕಳು ಬರುವುದಿಲ್ಲ, ಅದಕ್ಕೇ ಪಾಠ ಬಿಟ್ಟೆ. ಪಾಠ ಇಲ್ಲವೆಂದೇ ಮಕ್ಕಳು ಬರುತ್ತಿರಲಿಲ್ಲ ಎಂದು ಈ ಮನುಷ್ಯ ಅಂಗಳದಲ್ಲಿ ನಿಂತು ಹೇಳುತ್ತಿದ್ದಾನೆ. ಮೇಡಂಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು, ಸರಿಯಾದದ್ದನ್ನು ಹೇಳಿದ್ದಕ್ಕೆ.

ಹತ್ತು ದಿನದಲ್ಲಿ ಉತ್ತರ ಬಂತು. ಸಕಲೇಶಪುರದ ಸೈಬರ್ ಸೆಂಟರಿನಲ್ಲಿ ಅಚ್ಚು ಹಾಕಿಸಿಕೊಂಡು ಸೌಜನ್ಯ ಓಡಿ ಬಂದಳು. ಶಿಕ್ಷಕರು ಕಲಿಸದೆ ಉಳಿದ ಭಾಗವನ್ನು ಮುಚ್ಚಿಡದೆ ತಿಳಿಸಿದ್ದಕ್ಕೆ ವಂದನೆಗಳು ಎಂದು ಬರೆದಿದ್ದರು. ಸೀಟು ಇಟ್ಟಿರುತ್ತೇವೆ, ಆದರೆ ಆಗಸ್ಟ್ ಹದಿನಾಲ್ಕರಂದು ಬೆಂಗಳೂರಿನಲ್ಲಿ ಅಡ್ವಾನ್ಸ್ಡ್ ಮ್ಯಾಥಮ್ಯಾಟಿಕ್ಸ್ ಪರೀಕ್ಷೆ ಬರೆದು ನೂರಕ್ಕೆ ಅರವತ್ತು ತೆಗೆಯಬೇಕು.

“ಎಷ್ಟು ದಿನ ಐತೆ?” ಎಂದರು ಮೇಡಂ.

“ನಲವತ್ತೇಳು.”

“ಪುಸ್ತಕ ತಗಿ.”

ಸೌಜನ್ಯಳ ಪುಸ್ತಕದ ಪಿನ್ನುಗಳನ್ನು ಮೇಡಂ ಅವರೇ ಉಗುರಿನಿಂದ ಎಬ್ಬಿಸಿದರು. ಎರಡು ಕೈ ದಾಟಿ ಬಂದ ಪುಸ್ತಕ. ಪಿನ್ನು ತುಕ್ಕು ಹಿಡಿದು ಹಾಳೆಗೆ ಕಚ್ಚಿಕೊಂಡಿತ್ತು. ಕಿತ್ತಾಗ ಹಾಳೆಯ ಅಂಚೂ ಕಿತ್ತು ಬಂತು. ಒಳಗಿನ ಹಾಳೆಗಳು ಹೊಸ ಪುಸ್ತಕದ್ದರ ಹಾಗೆ ಬೆಳ್ಳಗಿದ್ದವು.

ದಿನಾ ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಮಳೆ ಜೋರಾಗಿ ರಜೆ ಕೊಟ್ಟ ದಿನವೂ ನವೀನ್‌ಕುಮಾರ್ ಜೀಪು ತಂದ. ಎರಡನೇ ವಾರ ಒಂದು ಲೆಕ್ಕದಲ್ಲಿ ಮೇಡಂ ಬೋರ್ಡಿನ ಮುಂದೆ ನಿಂತೇಬಿಟ್ಟರು. ಮುಂದಿನ ಸಾಲು ಹೊಳೆಯಲಿಲ್ಲ. ಅಳಿಸಿ ಬರೆದರು, ಮತ್ತೆ ಅಳಿಸಿದರು. ಹದಿಮೂರು ವರ್ಷ ಕಲಿಸದೇ ಇದ್ದದ್ದು ಅವರಿಗೂ ಮರೆತುಹೋಗಿತ್ತು. ಎಂಎಸ್ಸಿಯಲ್ಲಿ ಚಿನ್ನದ ಪದಕಕ್ಕೆ ಎರಡೇ ಅಂಕ ಕಡಿಮೆ ಬಿದ್ದ ಗಂಗಾಮಣಿ, ಪಿಯುಸಿ ಲೆಕ್ಕದ ಮುಂದೆ ಸೀಮೆಸುಣ್ಣ ಹಿಡಿದು ಕಣ್ಣು ಬಿಡುತ್ತಿದ್ದರು. ಡಸ್ಟರ್ ಎತ್ತಿ ಗೋಡೆಗೆ ಬೀಸಿ ಒಗೆದರು.

“ಮೇಡಂ, ಇದನ್ನ ಆ ಕಡೆಗೆ ತಂದ್ರೆ?” ಎಂದಳು ಹಿಂದಿನಿಂದ ಸೌಜನ್ಯ.

ತಂದರೆ ಲೆಕ್ಕ ಬಿಡಿಸಿಕೊಂಡಿತು. ಅವಳು ಎದ್ದು ಬಂದು ಉಳಿದ ಮೂರು ಸಾಲನ್ನೂ ಬರೆದಳು. ಬರೆದು, ಬೋರ್ಡನ್ನೇ ನೋಡುತ್ತಾ ನಿಂತಳು. “ಗುಡ್ಡ ಎಷ್ಟು ನೀರು ಕುಡಿದ್ರೆ ಜರೀತದೆ ಅನ್ನೋದು ಹಿಂಗೇ ಲೆಕ್ಕ ಹಾಕ್ತಾರೆ ಅಲ್ವಾ ಮೇಡಂ? ಇಷ್ಟು ಸಲೀಸಾಗಿ ಐತಲ್ಲ. ಇದನ್ನ ಯಾಕೆ ಮುಚ್ಚಿಸಿದ್ರಿ?”

ಚುಚ್ಚಲು ಕೇಳಿದ ಪ್ರಶ್ನೆಯಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಮೇಡಂ ಗೋಡೆಯ ಬುಡದಲ್ಲಿ ಬಿದ್ದ ಡಸ್ಟರ್ ಎತ್ತಿಕೊಂಡು, “ಮುಂದಿನ ಲೆಕ್ಕ ಬರ್ಕೋ,” ಎಂದರು.

ಆಗಸ್ಟ್ ಹದಿನಾಲ್ಕಕ್ಕೆ ತಿಮ್ಮಯ್ಯ ಮಗಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಬರೆಸಿಕೊಂಡು ಬಂದ. ಕೊನೆಯ ಪಾಠಕ್ಕೆ ನಾಲ್ಕೇ ದಿನ ಸಿಕ್ಕಿತ್ತು, ಅದರ ಮೇಲೆ ಬಂದ ದೊಡ್ಡ ಪ್ರಶ್ನೆ ಅರ್ಧಕ್ಕೆ ನಿಂತಿತು ಎಂದಳು ಸೌಜನ್ಯ. ಉಳಿದದ್ದು ಚೆನ್ನಾಗಿಯೇ ಆಗಿದೆ ಎಂದಳು. ಆ ತಿಂಗಳ ಕೊನೆಗೆ, ನಂಜುಂಡಯ್ಯನವರ ಪತ್ರದ ಫಲವಾಗಿ, ಮೇಡಂಗೆ ಇಲಾಖೆಯಿಂದ ನೋಟೀಸು ಬಂತು. ೨೦೦೨-೦೩ನೇ ಸಾಲಿನಲ್ಲಿ ವಿದ್ಯಾರ್ಥಿನಿ ಸೌಜನ್ಯ ಟಿ. ಇವರಿಗೆ ನಿಗದಿತ ಪಾಠಗಳನ್ನು ಬೋಧಿಸದೆ, ಬೋಧಿಸಿರುವುದಾಗಿ ದಾಖಲಿಸಿರುವ ಬಗ್ಗೆ ಹದಿನೈದು ದಿನಗಳೊಳಗೆ ವಿವರಣೆ ನೀಡತಕ್ಕದ್ದು.

ಈಗ ಹೆದರಿದ್ದು ನಂಜುಂಡಯ್ಯನವರೇ. ಪತ್ರ ಬರೆದು ಕೈ ತೊಳೆದುಕೊಂಡರೂ ಡೈರಿಯ ಮೇಲಿನ ತಮ್ಮ ಸಹಿ ಅಳಿಸುವುದಿಲ್ಲ ಎಂದು ಅವರಿಗೆ ತಡವಾಗಿ ಹೊಳೆದಿತ್ತು. ಉತ್ತರವನ್ನೂ ಅವರೇ ಬರೆದು, ಟೈಪ್ ಮಾಡಿಸಿ ತಂದರು. ಫಾರಂ ತುಂಬುವಾಗ ಕಣ್ತಪ್ಪಿನಿಂದ ತಪ್ಪು ಚೌಕಗಳಿಗೆ ಗುರುತು ಬಿದ್ದಿರುತ್ತದೆ, ಪಾಠಗಳೆಲ್ಲ ಡೈರಿಯಂತೆ ಪೂರೈಸಲ್ಪಟ್ಟಿರುತ್ತವೆ, ಕ್ಷಮಿಸಬೇಕಾಗಿ ವಿನಂತಿ. “ಒಂದು ಸೈನ್ ಹಾಕ್ಬುಡಿ ಮೇಡಂ, ಇಲ್ಲಿಗೆ ಮುಗೀತದೆ,” ಎಂದು ಬೇಡಿಕೊಂಡರು. ಮೇಡಂ ಅದನ್ನು ಡ್ರಾಯರಿನಲ್ಲಿ ಇಟ್ಟುಕೊಂಡರು. ಹಾಕುತ್ತೇನೆಂದೂ ಹೇಳಲಿಲ್ಲ, ಹಾಕುವುದಿಲ್ಲವೆಂದೂ ಹೇಳಲಿಲ್ಲ. ಹುಡುಗಿ ಪಾಸಾಗಿ ಹೋದರೆ ಯಾರಿಗೂ ನಷ್ಟವಿಲ್ಲವಲ್ಲ, ಆಗ ಸಹಿ ಹಾಕಿದರೂ ತಪ್ಪೇನು ಎಂದು ಅವರ ಮನಸ್ಸೂ ಒಂದು ಕಡೆ ವಾಲಿತ್ತು. ಹದಿನಾಲ್ಕು ವರ್ಷದ ನೌಕರಿ ಎಂದರೆ ಯಾರಿಗಾದರೂ ಭಯವೇ.

ಸೆಪ್ಟೆಂಬರ್ ಮೊದಲ ವಾರ ಸೌಜನ್ಯ ಬಂದಳು. ಮಧ್ಯಾಹ್ನದ ಹೊತ್ತು, ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟಳು. ಐವತ್ತೇಳು. ಈ ವರ್ಷ ಸೀಟು ಕೊಡಲಾಗುವುದಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ. ಟ್ರಸ್ಟಿನವರು ಮುಂದಿನ ವರ್ಷ ಬೇರೆ ಮಗುವನ್ನು ಆರಿಸುತ್ತಾರೆ.

ಮೇಡಂ ಧಗ್ಗನೆ ಎದ್ದರು. “ಮೂರು ಮಾರ್ಕ್ಸು! ಮೂರು ಮಾರ್ಕ್ಸಿಗೆ ಹುಡುಗೀನ ಹಿಂದಕ್ಕೆ ಹಾಕ್ತಾರಾ ಇವ್ರು? ಮನುಷ್ಯರೋ ಏನು? ನಾನು ಬರೀತೀನಿ ಇವ್ರಿಗೆ. ನಲವತ್ತೇಳು ದಿನದಲ್ಲಿ ಆ ಮಗು ಹೆಂಗೆ ಓದ್ತು ಅಂತ ನೋಡೋಕೆ ಬಂದಿದ್ರಾ? ಇವ್ರ ಯೋಗ್ಯತೆಗಿಷ್ಟು…”

“ಅವ್ರಿಗೆ ಯಾಕೆ ಬಯ್ತೀರಿ ಮೇಡಂ?”

ದನಿ ಎತ್ತರಿಸಲಿಲ್ಲ ಅವಳು. ಕಣ್ಣಲ್ಲಿ ನೀರೂ ಇರಲಿಲ್ಲ. ಅಳುವುದನ್ನೆಲ್ಲ ಮನೆಯಲ್ಲೇ ಮುಗಿಸಿ, ಸಿಟ್ಟೊಂದನ್ನೇ ಹೊತ್ತುಕೊಂಡು ಬಂದ ಹಾಗಿತ್ತು. “ನಲವತ್ತೇಳು ದಿನಕ್ಕೆ ಐವತ್ತೇಳು ಬಂತು. ಎರಡು ವರ್ಷ ಇತ್ತು ನಮ್ ಹತ್ರ. ನಾನು ದಡ್ಡಿ ಅಂತ ಅನ್ಕೊಂಡಿದ್ರಾ ಮೇಡಂ ನೀವು? ನಮ್ಮನ್ನೆಲ್ಲಾ?”

ಪಾಸಾಗಲಿ ಎಂದು, ನಿಮ್ಮ ಒಳ್ಳೆಯದಕ್ಕೇ ಎಂದು, ಅವತ್ತು ಹಾಸನದಲ್ಲಿ ನನ್ನನ್ನು ನಿಲ್ಲಿಸಿ ನಕ್ಕರು ಎಂದು ಮೇಡಂ ಹೇಳಬಹುದಿತ್ತು. ಆದರೆ ಹೌದು, ಅನ್ಕೊಂಡಿದ್ದೆ ಎನ್ನುವುದೇ ನಿಜವಾಗಿತ್ತು. ಎಸ್ಟೇಟಿನ ಆಳುಗಳ ಲೈನ್ ಮನೆಯ ಮಕ್ಕಳಿಗೆ, ರೈಟರ್ ಮಕ್ಕಳಿಗೆ ಇಷ್ಟು ಸಾಕು ಎಂದುಕೊಂಡೇ ಅವರು ಲೆಕ್ಕ ಹಾಕಿದ್ದರು. ಹಾಸನದ ಅಧಿಕಾರಿಯ ಮೇಲೆ, ಇಲಾಖೆಯ ಮೇಲೆ, ತೋಟದವರ ಮೇಲೆ, ಇಂಗ್ಲೆಂಡಿನವರ ಮೇಲೆ ಇಷ್ಟು ವರ್ಷ ಕಾರಿದ ಸಿಟ್ಟೆಲ್ಲ ಈಗ ತಿರುಗಿ ತಮ್ಮ ಮುಂದೆಯೇ ಬಂದು ಕೂತಿತು. ಸೌಜನ್ಯ ಹಾಸನದ ಡಿಗ್ರಿ ಕಾಲೇಜಿನಲ್ಲಿ ಇನ್ನೂ ಸೀಟು ಸಿಗುತ್ತದೆಯೇ ಎಂದು ವಿಚಾರಿಸಬೇಕು, ಹೊರಡುತ್ತೇನೆ ಎಂದು ಹೋದಳು.

ಅವಳು ಹೋದ ಮೇಲೆ ಮೇಡಂ ನಂಜುಂಡಯ್ಯನವರ ಟೈಪ್ ಮಾಡಿದ ಕಾಗದವನ್ನು ತೆಗೆದು ಹರಿದು ಬುಟ್ಟಿಗೆ ಹಾಕಿದರು. ಆಫೀಸಿಗೆ ಹೋಗಿ ತೊಂಬತ್ತರಿಂದ ಈಚಿನ ದಾಖಲಾತಿ ಪುಸ್ತಕಗಳನ್ನೆಲ್ಲ ಇಳಿಸಿಕೊಂಡು ಬಂದರು. ನೋಟೀಸು ಒಬ್ಬ ಹುಡುಗಿಯ, ಒಂದು ವರ್ಷದ ವಿವರಣೆ ಕೇಳಿತ್ತು. ಮೇಡಂ ಬಿಳಿ ಹಾಳೆಯ ಮೇಲೆ, ‘ಈ ಕೆಳಗಿನವರಿಗೆ ನಾನು ಗಣಿತವನ್ನು ಪೂರ್ತಿ ಕಲಿಸಿಲ್ಲ’ ಎಂದು ತಲೆಬರಹ ಕೊಟ್ಟು ಹೆಸರುಗಳನ್ನು ಬರೆಯುತ್ತಾ ಹೋದರು. ಪ್ರತಿ ಹೆಸರಿಗೂ ಮುಖ ನೆನಪಾಗುತ್ತಿತ್ತು. ಮೂರು ದಿನ ಹಿಡಿಯಿತು. ಮುನ್ನೂರ ಹನ್ನೆರಡು ಜನ.

ಕೊನೆಯ ಹೆಸರು ಸೌಜನ್ಯ ಟಿ. ಅದರ ಮುಂದೆ ಮಾತ್ರ ‘ಆಮೇಲೆ ಕಲಿಸಿದೆ, ತಡವಾಯಿತು’ ಎಂದು ಬರೆದು, ಕೆಳಗೆ ಸಹಿ ಹಾಕಿದರು.